ಹುಂಜ ಕಂಡ ಮುಖ

"ಹುಂಜ ಹಿಡೀಬೇಡ ತಂಗಿ. ಬೇರೇನ್ ಕೆಲಸ ಹೇಳಿದ್ರೂ ಮಾಡು, ಅವನ ಬೂಟು ಒರೆಸು ಅಂದ್ರೂ ಒರೆಸು. ಹುಂಜ ಮಾತ್ರ ಹಿಡೀಬೇಡ."

ಮೀನಿನ ಗಂಜಿಯ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿ ಮುದುಕಿ ಅ-ಬಾನ್ ಹೀಗೆ ಹೇಳಿದಾಗ ಫಾನ್ ಸೂ-ವೆನ್‌ಗೆ ನಗು ತಡೆಯಲಾಗಲಿಲ್ಲ. ತೈಪೆಯಿಂದ ಈ ದಕ್ಷಿಣದ ಬಂದರು ಪಟ್ಟಣಕ್ಕೆ ಬಂದು ಅವಳಿಗಿನ್ನೂ ವಾರವಾಗಿತ್ತಷ್ಟೆ. ನಗರಸಭೆಯ ಸದಸ್ಯ ಲಿಯಾವ್ ಜಿನ್-ತುವಿನ ಚುನಾವಣಾ ಪ್ರಚಾರ ನಡೆಸಲು ಬಂದಿದ್ದಳು. ಅವನ ಭಾಷಣ ಬರೆಯುವುದು, ಪೋಸ್ಟರು ಮಾಡಿಸುವುದು, ಪತ್ರಿಕೆಯವರನ್ನು ಸುಮ್ಮನಿರಿಸುವುದು ಎಲ್ಲವೂ ಅವಳ ಪಾಲಿಗೆ. ಅವನ ಕಚೇರಿಯ ಎದುರಿಗೇ ಅ-ಬಾನ್‌ಳ ಗಂಜಿ ಅಂಗಡಿ. ಒಲೆಯ ಪಕ್ಕದ ಕುರ್ಚಿಯಲ್ಲಿ ಅವಳ ಗಂಡ ಓಯಾಂಗ್ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಕೂತಿದ್ದ. ಒಂದು ಕಾಲದಲ್ಲಿ ಸೂ-ವೆನ್ ಈಗ ಮಾಡುವ ಕೆಲಸವನ್ನೇ ಮಾಡುತ್ತಿದ್ದವನು ಅವನು.

ಓಯಾಂಗ್ ಏಕಾಏಕಿ ಎದ್ದು ಬಂದು ಅವಳ ಮಣಿಕಟ್ಟು ಹಿಡಿದ. ಬಾಯಿ ತೆರೆದ. ಮಾತು ಬರಲಿಲ್ಲ. ಟವೆಲ್ಲಿನ ಅಡಿಯಲ್ಲಿ, ಗಂಟಲಿನ ತೂತಿನಿಂದ, ಒದ್ದೆ ಗಾಳಿ ಬುಸ್ಸೆಂದು ಹೊರಬಿತ್ತು. ಅದರ ಹಿಂದೆಯೇ ವಾಸನೆ: ತಿಂಗಳುಗಟ್ಟಲೆ ತೊಳೆಯದ ಕೋಳಿಗೂಡಿನ, ಹಿಕ್ಕೆಯ, ನೆನೆದ ಪುಕ್ಕದ ವಾಸನೆ. ಸೂ-ವೆನ್ ಕೈ ಕಿತ್ತುಕೊಂಡು ಅವನೆದುರಿಗೇ ಟಿಶ್ಯೂನಿಂದ ಒರೆಸಿಕೊಂಡಳು.

"ಅಜ್ಜೀ, ನಾನು ಕೋಳಿ ನೋಡಿರೋದೇ ಅಂಗಡಿ ಡಬ್ಬೀಲಿ, ಕಾಲು ಬೇರೆ ಎದೆ ಬೇರೆ ಮಾಡಿ ಇಟ್ಟಿರ್ತಾರೆ. ಜೀವ ಇರೋ ಹುಂಜ ನನ್ನ ಕೈಗೆ ಯಾರ್ ಕೊಡ್ತಾರೆ?"

"ಅವ್ನೇ ಕೊಡ್ತಾನೆ. ಯಾರಾದ್ರೂ ಕಳ್ಳ ಅಂದಾಗೆಲ್ಲ ನಗರದೇವರ ಗುಡೀಲಿ ಹುಂಜದ ತಲೆ ಕಡಿದು ಆಣೆ ಮಾಡ್ತಾನೆ. ಆಣೆ ಅವ್ನದು, ಹುಂಜ ಹಿಡಿಯೋರು ಬೇರೆ." ಮುದುಕಿ ದನಿ ತಗ್ಗಿಸಿದಳು. "ಕತ್ತು ಹೋಗೋ ಮುಂಚೆ ಹುಂಜ ಕೊನೆಗೆ ಯಾರ ಮುಖ ನೋಡುತ್ತೋ, ದೇವರ ಮುಂದೆ ಹೋಗಿ ಅವರನ್ನೇ ತೋರ್ಸುತ್ತೆ. ಸುಳ್ಳು ಹೇಳಿದ್ದು ಇವರೇ ಅನ್ನುತ್ತೆ."

"ಹಾಗಿದ್ರೆ ಕಪ್ಪು ಕನ್ನಡಕ ಹಾಕ್ಕೊಂಡು ಹೋಗ್ತೀನಿ ಬಿಡಿ," ಎಂದಳು ಸೂ-ವೆನ್. ಪಕ್ಕದ ಮೇಜಿನ ಲಾರಿ ಚಾಲಕರೂ ನಕ್ಕರು. ಓಯಾಂಗ್ ಮಾತ್ರ ಅವಳ ಎಡಗೈಯನ್ನೇ ನೋಡುತ್ತಾ ನಿಂತಿದ್ದ.

ಲಿಯಾವ್ ಜಿನ್-ತು ಮೇಲೆ ಬಂದ ಬಗೆ ಊರಿಗೆಲ್ಲ ಗೊತ್ತು, ಹೇಳಲು ಮಾತ್ರ ಯಾರಿಗೂ ಬಾಯಿ ಬರುವುದಿಲ್ಲ. ಮೊದಲು ಹೊಳೆಯ ಮರಳು ಕದ್ದು ಲಾರಿಯಲ್ಲಿ ಸಾಗಿಸುತ್ತಿದ್ದ. ಹೊಳೆ ಬರಿದಾದ ಮೇಲೆ ಜನರ ಕಡೆಗೆ ತಿರುಗಿದ. ಯಾರ ಮನೆಯಲ್ಲಿ ಸಾವಾದರೂ ಹೆಣದ ಮೈ ತಣ್ಣಗಾಗುವ ಮೊದಲೇ ಅವನ ಹೆಸರಿನ ಹೂಚಕ್ರ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಹಿಂದೆಯೇ ಅವನು. ಸತ್ತವರ ಹೆಸರೇನೆಂದು ಪಕ್ಕದವರ ಕಿವಿಯಲ್ಲಿ ಕೇಳಿ ತಿಳಿದುಕೊಂಡು, ಮರುಗಳಿಗೆಯಲ್ಲಿ ಅದೇ ಹೆಸರು ಕೂಗಿ ಎದೆ ಬಡಿದುಕೊಂಡು ಅಳುತ್ತಿದ್ದ. ಹಾಗೆ ಅತ್ತೂ ಅತ್ತೂ ಮೊದಲ ಚುನಾವಣೆ ಗೆದ್ದ.

ಎರಡನೆಯದು ಸೋತ. ಹೊಳೆಯ ತಡೆಗೋಡೆಗೆ ಬಂದದ್ದನ್ನೆಲ್ಲ ನುಂಗಿ ಕೂತಿದ್ದ; ಗೋಡೆ ಒಡೆದು ಬೆಸ್ತರ ಕೇರಿಗೆ ನೀರು ನುಗ್ಗಿತು. ಜನ ಬಾಯಿಗೆ ಬಂದಂತೆ ಬೈದಾಗ ನಗರದೇವರ ಗುಡಿಗೆ ಹೋಗಿ, ಎಡಗೈಯಲ್ಲಿ ತಾನೇ ಹುಂಜ ಹಿಡಿದು, ಬಲಗೈಯಿಂದ ತಾನೇ ಕಡಿದು, ಗೋಡೆಯ ಒಂದು ಕಲ್ಲನ್ನೂ ಮುಟ್ಟಿಲ್ಲವೆಂದು ಆಣೆ ಮಾಡಿದ. ಆ ಸಲ ಅವನ ಠೇವಣಿಯೂ ಉಳಿಯಲಿಲ್ಲ. ಅವನ ಎಡಗೈಗೆ ಬಿಳಿ ಕೈಗವಸು ಬಂದದ್ದೂ ಆಗಲೇ. ಚರ್ಮದ ಕಾಯಿಲೆ ಎಂದ. ಮುಂದಿನ ಚುನಾವಣೆಯಲ್ಲಿ ನಾಚಿಕೆಯಿಲ್ಲದೆ ಆ ಕೈಗವಸನ್ನೇ ಪೋಸ್ಟರಿಗೆ ಏರಿಸಿದ. 'ಶುಭ್ರ ಕೈ, ಶುಭ್ರ ಊರು.' ಆ ಸಲದ ಆಣೆಗೆ ಹುಂಜ ಹಿಡಿದವನು ಓಯಾಂಗ್. ಜಿನ್-ತು ಗೆದ್ದ. ಅದರ ಮುಂದಿನ ಸಲ ಹಿಡಿದವನು ಅವನ ಕಾರಿನ ಚಾಲಕ. ಆಗಲೂ ಗೆದ್ದ. ಚಾಲಕ ಆ ಚಳಿಗಾಲದಲ್ಲಿ ಅಕ್ಕಿ ಗೋದಾಮಿನ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಕೈ ಮುಟ್ಟಿಸದೆ ಬಾಯಿಂದಲೇ ಒಂದೊಂದು ಕಾಳು ಹೆಕ್ಕಿ ತಿನ್ನುತ್ತಿದ್ದಾಗ ಸಿಕ್ಕಿಬಿದ್ದ. ಈಗ ಹುಚ್ಚಾಸ್ಪತ್ರೆಯಲ್ಲಿದ್ದಾನೆ. ಜನ ಆಗಲೂ ಬಿಳಿ ಕೈಗವಸಿಗೆ ಕೈಮುಗಿದು ಓಟು ಹಾಕಿದರು. ಹೇಳಲು ಅಸಹ್ಯ, ಆದರೆ ನಮ್ಮ ಊರು ಹೀಗೆ.

ಇದೆಲ್ಲ ಸೂ-ವೆನ್ ಕಿವಿಗೆ ಬೀಳದೆ ಇರಲಿಲ್ಲ. ಅವಳು ಅದರಲ್ಲಿ ಕಂಡದ್ದು ಒಂದೇ: ಆಣೆ ಮಾಡಿದಾಗಲೆಲ್ಲ ಟೀವಿಯವರು ಬರುತ್ತಾರೆ.

ಸೂ-ವೆನ್ ಬಂದ ಸಲದ ಗುಲ್ಲು ಶಾಲೆಯ ಊಟದ್ದು. ಬಂದರಿನ ಹತ್ತಿರದ ಶಾಲೆಯ ಮಕ್ಕಳು ಮಧ್ಯಾಹ್ನದ ಊಟವಾದ ಮೇಲೆ ಸಾಲಾಗಿ ವಾಂತಿ ಮಾಡಿಕೊಂಡಿದ್ದರು. ಬೇಯಿಸಿದ ಮಾಂಸ ಹಸಿರುಗಟ್ಟಿತ್ತಂತೆ, ಮೇಲೆ ಸೋಯಾ ಸಾಸ್ ಸುರಿದು ಬಣ್ಣ ಮುಚ್ಚಿದ್ದರಂತೆ. ಉಳಿದವರು ಚೇತರಿಸಿಕೊಂಡರು, ಪೇ-ಪೇ ಎಂಬ ಹುಡುಗಿಯ ಮೂತ್ರಪಿಂಡ ಕೆಟ್ಟು ಆಸ್ಪತ್ರೆಯ ಯಂತ್ರಕ್ಕೆ ಕಟ್ಟಿದಂತಾಗಿತ್ತು. ಊಟ ಕಳಿಸುತ್ತಿದ್ದದ್ದು ಜಿನ್-ತುವಿನ ಭಾವಮೈದುನ. ಹೆಸರು ಅವನದು, ವ್ಯವಹಾರ ಇವನದು ಎಂದು ಎದುರಾಳಿ ಬೀದಿ ಬೀದಿಯಲ್ಲಿ ಮೈಕು ಹಚ್ಚಿ ಕೂಗಿಸುತ್ತಿದ್ದ.

ಅದು ನಿಜವೆಂದು ಸೂ-ವೆನ್‌ಗೆ ಗೊತ್ತಿತ್ತು. ಊಹೆಯಲ್ಲ, ಕಿವಿಯಾರೆ ಕೇಳಿದ್ದಳು. ಕಾರ್ಯಕರ್ತರ ಔತಣದಲ್ಲಿ ಹಂದಿಕಾಲಿನ ಮೂಳೆ ಚೀಪುತ್ತಾ, ಗಡ್ಡದ ಮೇಲೆ ಕೊಬ್ಬು ಇಳಿಸಿಕೊಂಡು, ಜಿನ್-ತು ಭಾವಮೈದುನನ ಬೆನ್ನು ತಟ್ಟಿ ಹೇಳಿದ್ದ: "ಆ ಮಾಂಸ ಎಸೀಬೇಡ, ಶಾಲೆಗೆ ಕಳ್ಸು ಅಂದವನು ನಾನೇ ಕಣಯ್ಯ. ಮಕ್ಕಳ ಹೊಟ್ಟೆ ಮೊಳೆ ಕೊಟ್ರೂ ಅರಗಿಸುತ್ತೆ ಅನ್ಕೊಂಡಿದ್ದೆ." ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಸೂ-ವೆನ್ ಕೂಡ ನಕ್ಕಳು. ಏಕೆಂದರೆ ಅದೇ ಬಾಯಲ್ಲಿ ಅವನು ಅವಳ ಕಡೆ ತಿರುಗಿ, "ಈ ಸಲ ನನ್ನ ಗೆಲ್ಲಿಸಮ್ಮ. ಮುಂದಿನ ಸಲ ನಾನು ಶಾಸನಸಭೆಗೆ ಹೋಗ್ತೀನಿ. ಈ ವಾರ್ಡಿನ ಪೋಸ್ಟರಲ್ಲಿ ನಿನ್ನ ಮುಖ," ಎಂದಿದ್ದ.

ಆಣೆಯ ಮಾತನ್ನು ಬರೆದದ್ದೂ ಅವಳೇ. ತುಂಬ ಚೆನ್ನಾಗಿ ಬರೆದಳು.

ಗುಡಿಯ ಬಾಗಿಲ ಮೇಲೆ ಹಳೆಯ ಕಪ್ಪು ಹಲಗೆ. ಅದರಲ್ಲಿ ಸತ್ತವರನ್ನು ವಿಚಾರಿಸುವ ನಗರದೇವರ ಒಂದೇ ಮಾತು: 'ಕೊನೆಗೂ ಬಂದೆಯಾ.' ಆಣೆಯ ದಿನ ಅದರ ಕೆಳಗೆ ಬೆಳಿಗ್ಗೆಯೇ ಟೀವಿಯವರು ಕಾಲು ಹಾಕಲೂ ಜಾಗವಿಲ್ಲದಂತೆ ತುಂಬಿದ್ದರು. ಊದುಬತ್ತಿಯ ಹೊಗೆ ಕಣ್ಣು ಉರಿಸುತ್ತಿತ್ತು. ಕಡಿಯುವ ಮರದ ದಿಮ್ಮಿ, ಮಚ್ಚು, ಬಿದಿರು ಬುಟ್ಟಿಯಲ್ಲಿ ಬಿಳಿ ಹುಂಜ. ಮೆಟ್ಟಿಲ ಹತ್ತಿರ ಪೇ-ಪೇಯ ತಾಯಿ ಯೆನ್ ಮಗಳ ಫೋಟೋ ಎದೆಗವಚಿಕೊಂಡು ನಿಂತಿದ್ದಳು.

ಜಿನ್-ತು ಮಂಡಿಯೂರಿ, ಕೈಗವಸಿನ ಕೈ ಎತ್ತಿ ಕ್ಯಾಮೆರಾಗಳಿಗೆ ತೋರಿಸಿದ. "ಡಾಕ್ಟ್ರು ಹಕ್ಕಿ ಮುಟ್ಬೇಡ ಅಂದವ್ರೆ, ಎಲ್ರಿಗೂ ಗೊತ್ತಲ್ಲ. ಸೂ-ವೆನ್, ನೀನ್ ಸ್ವಲ್ಪ ಹಿಡ್ಕೋಮ್ಮಾ."

ಜನರ ನಡುವೆ ಅ-ಬಾನ್‌ಳ ಮುಖ ಕಂಡಿತು. ಮುದುಕಿ ಬೇಡವೆಂದು ತಲೆಯಾಡಿಸುತ್ತಿದ್ದಳು. ಸೂ-ವೆನ್ ಅವಳಿಗೆ ಕಣ್ಣು ಹೊಡೆದು ಬುಟ್ಟಿಗೆ ಕೈ ಹಾಕಿದಳು.

ಹುಂಜ ಅವಳು ಅಂದುಕೊಂಡದ್ದಕ್ಕಿಂತ ಬಿಸಿಯಾಗಿತ್ತು. ಪುಕ್ಕದ ಅಡಿಯಲ್ಲಿ ಅದರ ಎದೆ ಡವಡವ ಹೊಡೆದುಕೊಳ್ಳುವುದು ಅವಳ ಎಡಗೈಯ ಬೆರಳುಗಳಿಗೆ ತಾಕುತ್ತಿತ್ತು. ಜಿನ್-ತು ಕಾಗದ ಓದಿದ. "ಮಕ್ಕಳ ಊಟದಲ್ಲಿ ನನ್ನ ಕೈ ಇದ್ದರೆ, ಸುಳ್ಳು ಹೇಳಿದವರ ಮೈ ಈ ಹುಂಜದ ಪಾಡಾಗಲಿ." ಸೂ-ವೆನ್ ಮೊದಲು 'ನನ್ನ ಮೈ' ಎಂದೇ ಬರೆದಿದ್ದಳು; ಅದು ಮರ್ಯಾದೆಯಾಗಿರುವುದಿಲ್ಲ, 'ಸುಳ್ಳು ಹೇಳಿದವರ ಮೈ' ಎಂದಿರಲಿ ಎಂದು ಅವನೇ ತಿದ್ದಿಸಿದ್ದ. ಕಾಗದ ಸುಟ್ಟ. ಹುಂಜ ಕತ್ತು ಹೊರಳಿಸಿ ಅವಳನ್ನು ನೋಡಿತು. ದುಂಡನೆಯ ಕೆಂಪು ಕಣ್ಣು, ನಡುವೆ ಕಪ್ಪು ಚುಕ್ಕೆ. ಮಚ್ಚು ಇಳಿಯಿತು.

ರಕ್ತ ಅವಳ ತುಟಿಗೆ ಹಾರಿತು. ಉಪ್ಪುಪ್ಪಾಗಿ, ಬೆಚ್ಚಗೆ. ತಲೆಯಿಲ್ಲದ ಮೈ ಅವಳ ಕೈಯಲ್ಲಿ ರೆಕ್ಕೆ ಬಡಿಯುತ್ತಲೇ ಇತ್ತು. ನೆಲಕ್ಕೆ ಉರುಳಿದ ತಲೆಯ ಕಣ್ಣು ಒಮ್ಮೆ ಮುಚ್ಚಿ, ಮತ್ತೆ ತೆರೆದು, ಅವಳ ಕಡೆಗೇ ನಿಂತಿತು. ಜನ ಚಪ್ಪಾಳೆ ತಟ್ಟಿದರು.

ಮೊದಲು ಬಂದದ್ದು ವಾಸನೆ. ಸಾಬೂನು, ಶುಂಠಿ, ಅಕ್ಕಿಯ ಹೆಂಡ, ಏನು ಹಾಕಿ ತಿಕ್ಕಿದರೂ ಎಡಗೈಯ ಕೋಳಿಗೂಡಿನ ವಾಸನೆ ಹೋಗಲಿಲ್ಲ. ಆಮೇಲೆ ಊಟ ಸೇರದಾಯಿತು. ಕೆಟ್ಟದ್ದು ಬಿಟ್ಟುಹೋಗಲೆಂದು ನಮ್ಮವರೆಲ್ಲ ತಿನ್ನುವಂತೆ ಹಂದಿಕಾಲಿನ ಶಾವಿಗೆ ತರಿಸಿ ತಿಂದಳು. ತಿಂದಷ್ಟೂ ಬಚ್ಚಲಿಗೆ ಹೋಯಿತು. ಕಕ್ಕಿದ್ದರಲ್ಲಿ ಒಂದು ಸಣ್ಣ ಬಿಳಿ ಪುಕ್ಕ ಅಂಟಂಟಾಗಿ ತೇಲುತ್ತಿತ್ತು. ಶಾವಿಗೆಯಲ್ಲಿ ಬಿದ್ದಿರಬೇಕು ಎಂದುಕೊಂಡಳು. ಅಂಗಡಿಯವನಿಗೆ ಫೋನು ಮಾಡಿ ಬೈದಳು ಕೂಡ.

ಮರುದಿನ ಕಾರ್ಯಕರ್ತರ ಊಟದ ಸಭೆಯಲ್ಲಿ ಮಾತಾಡುತ್ತಿದ್ದವಳು ನಡುವೆ ಸುಮ್ಮನಾದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳ ತಲೆ ತಟ್ಟೆಯ ಮೇಲೆ ಬಾಗಿತ್ತು. ತುಟಿಗೆ ಅಂಟಿದ್ದ ಅನ್ನದ ಅಗುಳು. ಅವಳು ತಟ್ಟೆಯನ್ನು ಬಾಯಿಂದ ಕುಕ್ಕುತ್ತಿದ್ದಳು.

ಬಚ್ಚಲಿಗೆ ಓಡಿ ಬಾಗಿಲು ಹಾಕಿಕೊಂಡಳು. ದೀಪದ ಕೆಳಗೆ ಎಡಗೈ ಹಿಡಿದು ನೋಡಿದಳು. ಕಿರುಬೆರಳಿನ ಚರ್ಮ ಹಳದಿಗಟ್ಟಿತ್ತು. ಒಣಗಿ, ಬಿರಿದು, ಒಂದರ ಮೇಲೊಂದು ಹೊದ್ದ ಹುರುಪೆ. ಉಗುರು ದಪ್ಪವಾಗಿ ಕೆಳಗೆ ಬಾಗಿತ್ತು. ಗೀರಿದರೆ ನೋವಿಲ್ಲ. ಒತ್ತಿದರೆ ಗೆಣ್ಣಿನ ಸಂದಿನಿಂದ ಬೂದುಬಣ್ಣದ ಮೇಣದಂಥದ್ದು ಒಸರಿತು.

ಜಿನ್-ತುವಿನ ಕೋಣೆಗೆ ಹೋಗಿ ಕೈಯನ್ನು ಅವನ ಮೇಜಿನ ಮೇಲೆ ಇಟ್ಟಳು.

ಅವನು ಬೆಚ್ಚಲಿಲ್ಲ. ಕನ್ನಡಕ ಏರಿಸಿಕೊಂಡು, ದರ್ಜಿ ಬಟ್ಟೆ ನೋಡುವಂತೆ ನೋಡಿದ. "ಬೆರಳಲ್ಲೇ ಇದೆ. ಪರವಾಗಿಲ್ಲ, ನಂಗೆ ಇದಕ್ಕಿಂತ ಜಾಸ್ತಿ ಆಗಿತ್ತು." ಹಾಗೆಂದು ತನ್ನ ಕೈಗವಸು ಕಳಚಿದ.

ಮಣಿಕಟ್ಟಿನಿಂದ ಕೆಳಗೆ ಅದು ಮನುಷ್ಯನ ಕೈಯಾಗಿರಲಿಲ್ಲ. ಹಳದಿ ಹುರುಪೆ, ಮೂರು ಉದ್ದ ಬೆರಳು, ಹಿಂದಕ್ಕೊಂದು ಮುಳ್ಳು. ಬೆವರಿನಲ್ಲಿ ನೆನೆದು ಕೊಳೆತ ವಾಸನೆ ಕೋಣೆಗೆಲ್ಲ ಹಬ್ಬಿತು. ಆ ಬೆರಳುಗಳು ಅವಳೆದುರಿಗೆ ನಿಧಾನವಾಗಿ ಮಡಿಸಿಕೊಂಡವು, ಬಿಚ್ಚಿಕೊಂಡವು. ಅದೇ ಕೈಯನ್ನು ಅವನು ಇಷ್ಟು ವರ್ಷ ಮಕ್ಕಳ ತಲೆಯ ಮೇಲಿಟ್ಟು ಹರಸಿದ್ದ. ಹೆಣಗಳ ಹಣೆ ಸವರಿದ್ದ.

"ಮುಂದಿನ ಆಣೆಗೆ ಬೇರೆಯವರ ಕೈಗೆ ಹುಂಜ ಕೊಟ್ರೆ, ನಿಂದು ಇದ್ದಲ್ಲೇ ನಿಲ್ಲುತ್ತೆ," ಎಂದ. "ಪ್ರತಿ ಚುನಾವಣೆಗೂ ಒಂದು ಹೊಸ ಕೈ ಬೇಕು, ಅಷ್ಟೆ."

"ಓಯಾಂಗ್‌ಗೆ ನಿಲ್ಲಲಿಲ್ಲವಲ್ಲ?"

"ಅವ್ನಿಗೆ ಚುನಾವಣೆ ಎಲ್ಲಿತ್ತು? ಡ್ರೈವರಿಗೆ ಎಲ್ಲಿತ್ತು? ಆಣೆ ಮಾಡೋಕೆ ಸ್ವಂತದ್ದೊಂದು ಚುನಾವಣೆ ಬೇಕಲ್ಲಮ್ಮ. ನಿಂಗೆ ಇದೆ. ನಾನೇ ಕೊಡ್ತೀನಿ ಅಂದಿದ್ದೀನಲ್ಲ." ಮೇಜಿನ ಖಾನೆ ಎಳೆದು ಬಿಳಿ ಡಬ್ಬಿಯೊಂದನ್ನು ಅವಳತ್ತ ತಳ್ಳಿದ. ಒಳಗೆ ಹೆಂಗಸರ ಸಣ್ಣ ಅಳತೆಯ ಬಿಳಿ ಕೈಗವಸು. "ನೀನು ಕೆಲಸಕ್ಕೆ ಸೇರಿದ ದಿನಾನೇ ಅಳತೆ ನೋಡಿ ತರಿಸಿಟ್ಟಿದ್ದೆ."

ಸೂ-ವೆನ್ ಡಬ್ಬಿಯನ್ನು ಅವನ ಮುಖಕ್ಕೆ ಎಸೆದು ಹೊರಗೆ ಓಡಿದಳು.

ರಸ್ತೆ ದಾಟಿದರೆ ಅ-ಬಾನ್‌ಳ ಅಂಗಡಿ. ಮುದುಕಿ ಕೈ ನೋಡಿ ಬೈಯಲಿಲ್ಲ. ಓಯಾಂಗ್ ಮುಖ ಗೋಡೆಯ ಕಡೆ ತಿರುಗಿಸಿಕೊಂಡ.

"ದಾರಿ ಇದೆ," ಎಂದಳು ಅ-ಬಾನ್. "ಆಣೆ ಮಾಡಿದ್ದು ಓಟಿಗೋಸ್ಕರ. ಓಟು ಎಣಿಸಿ ಮುಗಿಯೋದ್ರೊಳಗೆ ಗುಡೀಲಿ ನಿಂತು ನಿಜ ಹೇಳು. ಒಬ್ರಾದ್ರೂ ಮನುಷ್ಯರ ಕಿವಿಗೆ ಬೀಳ್ಬೇಕು. ಮುಗಿದ್ಮೇಲೆ ಹೋದ್ರೆ ಆಣೆ ಗಟ್ಟಿಯಾಗಿಬಿಟ್ಟಿರುತ್ತೆ. ನಮ್ಮನೆಯವ್ರು ಮಾರನೇ ದಿನ ಹೋದ್ರು. ಬಾಯಿ ತೆಗೆದ್ರೆ ಕೂಗು ಬಂತು, ಹುಂಜದ ಕೂಗು. ಬೆಳಗಾದ್ರೆ ಕೂಗೋರು. ಕೊನೆಗೆ ಡಾಕ್ಟ್ರು ಗಂಟಲನ್ನೇ ತೆಗೆದ್ರು."

"ಹೇಳಿದ್ರೆ ನಾನೂ ಜೈಲಿಗೆ ಹೋಗ್ತೀನಿ ಅಜ್ಜೀ. ಗೊತ್ತಿದ್ದೂ ಬರ್ಕೊಟ್ಟಿದ್ದು ನಾನೇ."

"ಹೋಗು. ಜೈಲಲ್ಲಿ ಕೈ ಇರುತ್ತಲ್ಲ."

ಅವಳು ಅಂದೇ ಹೋಗಲಿಲ್ಲ. ಹೇಗೂ ಇನ್ನೂ ಕಾಲವಿದೆಯಲ್ಲ ಎಂದುಕೊಂಡಳು. ಎರಡನೆಯ ಬೆರಳೂ ಹಳದಿಯಾಯಿತು, ಮೂರನೆಯದೂ. ಬ್ಯಾಂಡೇಜು ಸುತ್ತಿಕೊಂಡು ಕೆಲಸ ಮಾಡಿದಳು. ನಸುಕಿನಲ್ಲಿ ಗಂಟಲು ತಾನಾಗಿ ಬಿಗಿಯುತ್ತಿತ್ತು. ದಿಂಬು ಕಚ್ಚಿ ಹಿಡಿದು ಒಳಗಿನ ಕೂಗನ್ನು ನುಂಗುತ್ತಿದ್ದಳು.

ಮತದಾನ ಮುಗಿದ ಸಂಜೆ, ಶಾಲೆಯ ಕೋಣೆಗಳಲ್ಲಿ ಒಂದೊಂದೇ ಓಟು ಎತ್ತಿ ಹಿಡಿದು ಕೂಗುತ್ತಿದ್ದ ಹೊತ್ತಿಗೆ, ಸೂ-ವೆನ್ ಗುಡಿಗೆ ಹೊರಟಳು. ಕಚೇರಿಯಿಂದ ಹೊರಡುವಾಗ ಬ್ಯಾಂಡೇಜು ಕಾಣದಿರಲೆಂದು ಜಿನ್-ತುವಿನ ಕೋಣೆಯ ಮೂಲೆಯಲ್ಲಿ ಅಂದಿನಿಂದ ಬಿದ್ದಿದ್ದ ಆ ಬಿಳಿ ಕೈಗವಸನ್ನೇ ಎತ್ತಿ ತೊಟ್ಟುಕೊಂಡಳು. ಸರಿಯಾಗಿ ಹಿಡಿಯಿತು.

ಗುಡಿಯ ಕಾವಲಿನವರು ಎಣಿಕೆ ನೋಡಲು ಹೋಗಿದ್ದರು. ಒಳಗೆ ಮಬ್ಬು. ಕೆಂಪು ದೀಪಗಳ ಕೆಳಗೆ ಕೆಂಪು ಹೊಗೆ. ಸತ್ತವರ ಜೀವ ಎಳೆದೊಯ್ಯುವ ಬಿಳಿ ದೂತನ ವಿಗ್ರಹ ಉದ್ದ ನಾಲಿಗೆ ಚಾಚಿಕೊಂಡು ಕಂಬದ ಪಕ್ಕದಲ್ಲಿ ನಿಂತಿತ್ತು. ಕಡಿಯುವ ದಿಮ್ಮಿಯ ಬಿರುಕಿನಲ್ಲಿ ಹಳೆಯ ರಕ್ತ ಕಪ್ಪಾಗಿ ಹೆಪ್ಪುಗಟ್ಟಿ, ಅದರ ಮೇಲೆ ನೊಣ. ದೇವರ ಮುಂದೆ ಒಬ್ಬಳೇ ಹೆಂಗಸು ಮಂಡಿಯೂರಿ ಅರೆಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿ ದೇವರ ಉತ್ತರ ಕೇಳುತ್ತಿದ್ದಳು. ಪೇ-ಪೇಯ ತಾಯಿ, ಯೆನ್.

ಅದೃಷ್ಟವೇ ಎಂದುಕೊಂಡಳು ಸೂ-ವೆನ್. ಮನುಷ್ಯರ ಕಿವಿ ಬೇಕಿತ್ತು, ಬೇಕಾದ ಕಿವಿಯೇ ಸಿಕ್ಕಿತು. ಒಂದು ಮಾತು. ಮಾಂಸ ಕಳಿಸಿದ್ದು ಅವನೇ, ನಾನು ಕೇಳಿದ್ದೇನೆ. ಇಷ್ಟೇ.

ಆಗ ಸದ್ದು ಕೇಳಿಸಿತು.

ಟಕ್. ಟಕ್. ಟಕ್.

ದೇವರ ಪೀಠದ ಅಡಿಯ ಕತ್ತಲಿನಿಂದ. ಕಲ್ಲಿನ ಮೇಲೆ ಉಗುರಿನ ಸದ್ದು. ಬಿಳಿಯದೇನೋ ಹೊರಗೆ ಬಂತು. ಹುಂಜ. ಪುಕ್ಕಕ್ಕೆ ರಕ್ತ ಮೆತ್ತಿ ಗಂಟುಗಟ್ಟಿತ್ತು. ಕುತ್ತಿಗೆ ಇತ್ತು. ಕುತ್ತಿಗೆಯ ಮೇಲೆ ಏನೂ ಇರಲಿಲ್ಲ. ಕಡಿದ ಜಾಗದಲ್ಲಿ ಉಸಿರಿನ ಕೊಳವೆ ಬಾಯಿಯಂತೆ ತೆರೆದು ಮುಚ್ಚುತ್ತಿತ್ತು. ಒಳಗೆ ಹುಳು ಮಿಸುಕಾಡುತ್ತಿದ್ದವು. ಯೆನ್ ತಿರುಗಿ ನೋಡಲಿಲ್ಲ. ಅವಳಿಗೆ ಅದು ಕಾಣುತ್ತಿರಲಿಲ್ಲ. ಹುಂಜ ಅವಳನ್ನು ದಾಟಿ ಬಂತು. ಸೂ-ವೆನ್‌ಳ ಎದುರು ನಿಂತಿತು. ಮೇಲೆ ಬರಲಿಲ್ಲ. ಕುಕ್ಕಲಿಲ್ಲ. ಸಾಕ್ಷಿ ಹೇಳಲು ಕರೆಸಿಕೊಂಡವರಂತೆ ನಿಂತು ಕಾಯಿತು.

ಹೇಳು. ಹೇಳಿಬಿಡು.

ಬಾಯಿ ತೆರೆದಳು. ಗಂಟಲು ಸರಿಯಾಗಿಯೇ ಇತ್ತು. ದನಿ ಇತ್ತು. ಯಾರೂ ತಡೆಯಲಿಲ್ಲ, ಇದನ್ನು ಮರೆಯಬಾರದು. ದೇವರೂ ತಡೆಯಲಿಲ್ಲ, ದೆವ್ವವೂ ತಡೆಯಲಿಲ್ಲ.

ದೂರದಲ್ಲಿ ಪಟಾಕಿ ಸಿಡಿಯಿತು. ಮೈಕಿನಲ್ಲಿ ಯಾರೋ ಕೂಗಿದರು: ಜಿನ್-ತು ಮುಂದಿದ್ದಾರೆ, ಜಿನ್-ತು ಮುಂದಿದ್ದಾರೆ. ಜನರ ಹೋ ಎಂಬ ಸದ್ದು ಗಾಳಿಯಲ್ಲಿ ತೇಲಿ ಬಂತು. ಸೂ-ವೆನ್‌ಗೆ ಪೋಸ್ಟರು ಕಂಡಿತು. ಬೀದಿಯ ಉದ್ದಕ್ಕೂ, ಕಂಬಕಂಬಕ್ಕೂ, ಅವಳ ಮುಖ.

ಯೆನ್ ತಿರುಗಿದಳು. "ಮೆಂಬರ್ ಆಫೀಸಿನವ್ರಲ್ವಾ ನೀವು? ಏನೋ ಹೇಳೋಕೆ ಬಂದಂಗಿದೆ."

ಹುಂಜದ ಕುತ್ತಿಗೆ ಮೇಲೆದ್ದಿತು. ಕಾಯಿತು.

"ನಾನು..." ಎಂದಳು ಸೂ-ವೆನ್. "ನಾನು ಪೇ-ಪೇಗೋಸ್ಕರ ಬೇಡ್ಕೊಳ್ಳೋಕೆ ಬಂದೆ ಅಕ್ಕ. ಅವಳಿಗೆ ಬೇಗ ವಾಸಿಯಾಗ್ಲಿ ಅಂತ."

ಯೆನ್‌ಳ ಮುಖ ಒಡೆದುಹೋಯಿತು. ಇಷ್ಟು ದಿನ ಯಾರೂ ಆ ಮಾತು ಹೇಳಿರಲಿಲ್ಲ. ಬಿಕ್ಕುತ್ತಾ ಮಂಡಿಯ ಮೇಲೇ ತೆವಳಿ ಬಂದು, ಸೂ-ವೆನ್‌ಳ ಬಿಳಿ ಕೈಗವಸಿನ ಕೈ ಹಿಡಿದು, ತನ್ನ ಹಣೆಗೆ ಒತ್ತಿಕೊಂಡಳು.

ಹುಂಜ ನಡೆದು ಬಂತು. ಟಕ್. ಪಾದದ ಮೇಲೆ ಕಾಲಿಟ್ಟಿತು. ತಣ್ಣಗಿತ್ತು. ಮೊಣಕಾಲಿಗೆ ಉಗುರು ಊರಿತು. ಹತ್ತಿತು. ಹೊಟ್ಟೆ. ಎದೆ. ಕೊಳೆತ ಪುಕ್ಕ ಗಲ್ಲಕ್ಕೆ ಒರಗಿತು. ಕುತ್ತಿಗೆಯ ತೂತು ಅವಳ ತುಟಿಯ ಹತ್ತಿರ ಬಂತು. ಉಸಿರು ಬಿಟ್ಟಿತು. ಹುಳು ತುಟಿಗೆ ಉದುರಿದವು. ಅವಳು ಕಿರುಚಲಿಲ್ಲ. ಯೆನ್ ನೋಡುತ್ತಿದ್ದಳಲ್ಲ. ಬಾಯಿ ಮುಚ್ಚಿಕೊಂಡಳು. ನುಂಗಿದಳು. ಹೊರಗೆ ಗೆಲುವಿನ ಪಟಾಕಿ ಒಟ್ಟಿಗೆ ಹೊತ್ತಿಕೊಂಡಿತು. ಎಣಿಕೆ ಮುಗಿದಿತ್ತು. ಹುಂಜ ಅವಳ ಎಡಗೈಯ ಉದ್ದಕ್ಕೂ ಇಳಿದು, ಕೈಗವಸಿನೊಳಕ್ಕೆ ನುಸುಳಿ, ಇಲ್ಲವಾಯಿತು.

ಮೂಳೆ ಮುರಿಯುವ ಸದ್ದು ಅವಳೊಬ್ಬಳಿಗೇ ಕೇಳಿಸಿತು.

ಹೊರಗೆ ಬರುವಾಗ ಬಾಗಿಲ ಮೇಲಿನ ಹಲಗೆಯತ್ತ ಅವಳು ತಲೆಯೆತ್ತಲಿಲ್ಲ.

ಜಿನ್-ತು ಮಾತಿಗೆ ತಪ್ಪಲಿಲ್ಲ. ಅಂಥವರು ಅಂಥ ಮಾತಿಗೆ ತಪ್ಪುವುದಿಲ್ಲ. ಮುಂದಿನ ಚುನಾವಣೆ ಬಂದಾಗ ಅವನು ಶಾಸನಸಭೆಗೆ ಹೋದ, ವಾರ್ಡು ಸೂ-ವೆನ್‌ಗೆ ಬಂತು. ಬೀದಿಯ ಕಂಬಗಳ ಮೇಲೆಲ್ಲ ಅವಳ ನಗುಮುಖ, ಎತ್ತಿ ಹಿಡಿದ ಬಿಳಿ ಕೈಗವಸು. ಆ ನಡುವೆ ಪೇ-ಪೇ ತೀರಿಕೊಂಡಿದ್ದಳು. ಬಾಗಿಲಲ್ಲಿ ನಿಂತಿದ್ದ ಹೂಚಕ್ರಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸೂ-ವೆನ್‌ಳದು. ಹೆಣದ ಮುಂದೆ ಅವಳು ಅತ್ತದ್ದನ್ನು ಕಂಡು ಯೆನ್ ತಾನೇ ಅವಳನ್ನು ಸಮಾಧಾನ ಮಾಡಿದಳು. ಊಟದ ಕಂಪನಿ ಹೆಸರು ಬದಲಾಯಿಸಿಕೊಂಡು ಅದೇ ಶಾಲೆಗೆ ಊಟ ಕಳಿಸುತ್ತಿತ್ತು. ಅದರಲ್ಲಿ ಈಗ ಸೂ-ವೆನ್‌ಳ ಕೈಯಿದೆ ಎಂದು ಎದುರಾಳಿ ಮೈಕು ಹಚ್ಚಿ ಕೂಗಿಸತೊಡಗಿದ್ದ. ಆಣೆ ಮಾಡಲಿ ಎಂದು ಸವಾಲು ಹಾಕಿದ್ದ.

ಪ್ರಚಾರಕ್ಕೆಂದು ತೈಚುಂಗ್‌ನಿಂದ ಹೊಸಬನೊಬ್ಬ ಬಂದಿದ್ದ, ಜುವಾಂಗ್ ಯೀ-ಹಾನ್ ಎಂದು. ಚುರುಕಾದವನು, ಹಲ್ಲು ಬಿಟ್ಟರೆ ಮುಖವೆಲ್ಲ ನಗು. ಬೆಳಗಿನ ತಿಂಡಿ ಮುಗಿಸಿ, ಬಾಯಿ ಒರೆಸಿಕೊಳ್ಳುತ್ತಾ ಅವಳ ಕೋಣೆಗೆ ಬಂದ.

"ಮೇಡಂ, ಎದುರುಗಡೆ ಗಂಜಿ ಅಂಗಡಿ ಅಜ್ಜಿಗೆ ಸ್ವಲ್ಪ ತಲೆ ಕೆಟ್ಟಿದೆಯಾ? ಹುಂಜ ಹಿಡೀಬೇಡ ಮಗಾ, ಹುಂಜ ಹಿಡೀಬೇಡ ಅಂತ ಕೈ ಹಿಡ್ಕೊಂಡು ಅತ್ತೇಬಿಟ್ಳು. ಪಕ್ಕದಲ್ಲಿ ಮಾತು ಬರದ ಮುದುಕ ಬೇರೆ. ಅಬ್ಬಾ, ಏನ್ ವಾಸನೆ!"

ಸೂ-ವೆನ್ ಕೂಡ ನಕ್ಕಳು. "ನನಗೂ ಹೇಳಿದ್ಲು ಕಣೋ, ಬಂದ ಹೊಸದ್ರಲ್ಲಿ. ಎಲ್ರಿಗೂ ಹೇಳ್ತಾಳೆ. ನೀನೇನ್ ಅಂದೆ?"

"ಕೊಕ್ಕೋಕ್ಕೋ ಅಂದೆ."

ಅವಳು ಇನ್ನೂ ಜೋರಾಗಿ ನಕ್ಕಳು. ನಗುತ್ತಲೇ ಅವನ ಎಡಗೈಯ ಕಡೆ ನೋಡಿದಳು. ಅಗಲವಾದ ಅಂಗೈ, ಉದ್ದ ಬೆರಳು. ಕೈಗವಸಿನೊಳಗೆ ಅವಳ ಮೂರು ಬೆರಳುಗಳು ತಾವಾಗಿ ಮಡಿಸಿಕೊಂಡವು.

"ಅಂದಹಾಗೆ, ಅಂಗಡಿಗೆ ಏನೋ ಆರ್ಡರ್ ಮಾಡ್ಬೇಕಿತ್ತು," ಎಂದು ಫೋನು ಎತ್ತಿಕೊಂಡಳು. "ನಿನ್ನ ಗ್ಲೌಸ್ ಅಳತೆ ಎಷ್ಟಪ್ಪ?"